ಟಾನಿಕ್ಕಿಗೆ ಹೋದ ದ್ರಾಕ್ಷಿ

ಆ ದಿನ ಮುಂಜಾನೆ ನಾನು ಮಾಳಿಗೆಯ ಮೇಲೆ ಶಾವಿಗೆ ಹೊಸೆಯುತ್ತ ಕೂತಿದ್ದೆ. ಹಿಂದಿನ ಸಂಜೆ ನಮ್ಮ ಮಾನ್ವಿಯಲ್ಲಿ ಗಾಳಿ ಬೀಸಿ ನಾಲ್ಕು ಹನಿ ಉದುರಿತ್ತು, ಅಷ್ಟೆ. ಬೆಳಗಾದರೆ ಮೋಡದ ಸುಳಿವೇ ಇಲ್ಲ. ನಾದಿಟ್ಟ ಹಿಟ್ಟು ಕೆಡಲಿಲ್ಲವಲ್ಲ, ಅದೇ ದೇವರು ಕೊಟ್ಟದ್ದು ಅಂದುಕೊಂಡು ಮಣೆ ಹಾಕಿದ್ದೆ. ಎಳೆ ಇನ್ನೂ ಕೈಯಲ್ಲೇ ಇತ್ತು, ಕೆಳಗಿನಿಂದ ನಮ್ಮ ಯಜಮಾನರು ಕೂಗಿದರು.

“ಕೇಳ್ತೇನು? ಕೆಳಗ ಬಾ. ತ್ವಾಟ ಹೋತು.”

ತೋಟ ಎಲ್ಲಿಗೆ ಹೋಗುತ್ತದೆ ಎಂದು ನನಗೆ ತಿಳಿಯಲಿಲ್ಲ. ಹಿಟ್ಟಿನ ಕೈಯಲ್ಲೇ ಮೆಟ್ಟಿಲ ತನಕ ಬಂದು ನಿಂತೆ.

“ಪೋತ್ನಾಳದ ಕಡೆ ಆಣಿಕಲ್ಲಿನ ಮಳಿ ಬಿದ್ದಾದ. ಹಣ್ಣೆಲ್ಲಾ ಒಡದಾವಂತ. ಹೈದರಾಬಾದಿನ ಸಾವಕಾರ ಬಂದು ನೋಡಿ, ಒಂದು ಗೊಂಚಲಾನೂ ಮುಟ್ಟದಂಗ ಹೋಗ್ಯಾನ.”

ನಾನು ಹಾಗೇ ಕೂತುಬಿಟ್ಟೆ. ಇನ್ನೆರಡು ದಿನಕ್ಕೆ ಕೊಯ್ಲು ಎಂದು ಬುಟ್ಟಿಗಳನ್ನು ತೊಳೆದು ಒಣಹಾಕಿದ್ದೆವು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಪೋತ್ನಾಳದ ಸುತ್ತ ಕಾಲುವೆ ನೀರು ಹತ್ತಿದವರೆಲ್ಲ ನೆಲ್ಲು ಹಾಕಿದರು. ನಮ್ಮ ಹೊಲ ಮರಡಿಯ ಮೇಲೆ, ಕಾಲುವೆಗಿಂತ ಎತ್ತರಕ್ಕೆ. ಅಲ್ಲಿ ಬಾವಿಯೊಂದೇ ಗತಿ. ನಮ್ಮ ಮಾವ ಆ ಕೆಂಪು ನೆಲದಲ್ಲಿ ಕಲ್ಲುಕಂಬ ನೆಡಿಸಿ, ತಂತಿ ಎಳೆಸಿ ದ್ರಾಕ್ಷಿ ಹಬ್ಬಿಸಿದ್ದರು. ಅವರ ತಂದೆಯದು ಎಲೆಬಳ್ಳಿ ತೋಟವಂತೆ. ಎಲೆತೋಟದ ಮಡಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಚಪ್ಪಲಿ ಒಡ್ಡಿನಾಚೆ ಬಿಡಬೇಕು, ಬೀಡಿ ಹಚ್ಚಬಾರದು, ಮುಟ್ಟಾದ ಹೆಂಗಸರು ಒಳಗೆ ಕಾಲಿಡಬಾರದು, ಕುಡಿದವನಂತೂ ನೆರಳು ಸಹ ಹಾಯಿಸಬಾರದು. ಆ ಮಡಿಯನ್ನೆಲ್ಲ ಮಾವ ಹಾಗೇ ತಂದು ದ್ರಾಕ್ಷಿಗೆ ಹಾಕಿದ್ದರು.

“ಮಾವರೀ, ಇದು ಎಲಿಬಳ್ಳಿ ಅಲ್ಲಲ್ರೀ, ದ್ರಾಕ್ಷಿ” ಎಂದು ಹೊಸದರಲ್ಲಿ ನಾನೊಮ್ಮೆ ಅಂದದ್ದುಂಟು.

“ಬಳ್ಳಿ ಅಂದ್ರ ಬಳ್ಳಿನಽ ಯವ್ವಾ. ಹಬ್ಬೋದಕ್ಕೆಲ್ಲಾ ಒಂದಽ ಮಡಿ” ಅಂದಿದ್ದರು.

ಹೈದರಾಬಾದಿನ ವ್ಯಾಪಾರಿಗಳೂ ಬೂಟು ಬಿಚ್ಚಿ, ಕಾಲು ಸುಟ್ಟುಕೊಳ್ಳುತ್ತ ಕುಣಿಕುಣಿದು ಒಳಗೆ ಹೋಗುವುದನ್ನು ನೋಡಿ ಹೆಣ್ಣಾಳುಗಳು ಸೆರಗಿನಲ್ಲಿ ನಗುತ್ತಿದ್ದರು.

ಆಳುಗಳಲ್ಲಿ ಒಂದು ಗಂಡಹೆಂಡಿರ ಜೋಡಿಯ ವಿಷಯ ಇಲ್ಲೇ ಹೇಳಬೇಕು. ಅವರು ದೇವದುರ್ಗದ ಕಡೆಯವರು, ಗಬ್ಬೂರಿನ ಹತ್ತಿರದ ಹಳ್ಳಿ. ಬೇಸಿಗೆ ಬಂತೆಂದರೆ ಬಸ್ಸು ಹತ್ತಿ ನಮ್ಮಲ್ಲಿಗೆ ಬಂದು, ಬಾವಿಯ ಹತ್ತಿರದ ಗುಡಿಸಲಿನಲ್ಲಿ ಇರುತ್ತಿದ್ದರು. ಅವಳ ಎಡಗೈ ಮಣಿಕಟ್ಟು ಸೊಟ್ಟಗಾಗಿತ್ತು. ಗಂಡ ಸೇಂದಿ ಕುಡಿದು ಬಂದು ತಿರುವಿದ್ದು. ಮೂಳೆ ಕೂಡಿಕೊಂಡದ್ದು ಹೇಗೇಗೋ. ಆ ಕೈಯ ಮೇಲೆ ಬುಟ್ಟಿ ಆನಿಸಿಕೊಂಡು, ಬಲಗೈಯಲ್ಲಿ ಕತ್ತರಿ ಹಿಡಿದು ಅವಳು ಗೊಂಚಲು ಕೊಯ್ಯುತ್ತಿದ್ದರೆ ಒಂದು ಹಣ್ಣಿನ ಮೇಲಿನ ಬೂದಿಯಂಥ ಪುಡಿಯೂ ಅಳಿಸುತ್ತಿರಲಿಲ್ಲ.

ಮೊದಲ ವರ್ಷ ಅವಳೇ ಮಾವನ ಕಾಲಿಗೆ ಬಿದ್ದಿದ್ದಳು. “ಯಪ್ಪಾ, ಇವನ ಕುಡಿಯೋದು ಒಂದ್ ಬಿಡಸ್ರಿ. ನಿಮ್ಮ ತ್ವಾಟದಾಗ ಕುಡದವ್ರಿಗೆ ಜಾಗ ಇಲ್ಲಂತ ಕೇಳೀನಿ.” ಮಾವ ಅವನನ್ನು ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ತೋಟದ ಮೂಡಣ ಮೂಲೆಯ ಬಳ್ಳಿಯನ್ನು ಎರಡೂ ಕೈಯಿಂದ ಹಿಡಿಸಿ ಆಣೆ ಹಾಕಿಸಿದರು. ಸೇಂದಿ, ಸಾರಾಯಿ, ಅಮಲಿನದು ಏನನ್ನೂ ಮುಟ್ಟುವುದಿಲ್ಲ. ಮುಟ್ಟಿದರೆ ಈ ಬಳ್ಳಿ ಒಣಗಲಿ, ನನ್ನ ವಂಶವೂ ಒಣಗಲಿ. ಅವನು ನಡುಗುತ್ತ ಹೇಳಿದ. ಆಮೇಲೆ ಎರಡು ಸುಗ್ಗಿ ದಾಟಿದವು, ಅವನು ಮುಟ್ಟಲಿಲ್ಲ. ಊರಿಗೆ ಹೋದಾಗಲೂ ಮುಟ್ಟಲಿಲ್ಲ ಎಂದು ಅವಳು ಹೇಳುತ್ತಿದ್ದಳು. ಹೇಳುವಾಗ ಸುಮ್ಮನೆ ಆ ಸೊಟ್ಟ ಮಣಿಕಟ್ಟು ಸವರಿಕೊಳ್ಳುತ್ತಿದ್ದಳು.

ಒಡೆದ ದ್ರಾಕ್ಷಿ ಬಳ್ಳಿಯ ಮೇಲೆ ಹೆಚ್ಚು ದಿನ ತಡೆಯುವುದಿಲ್ಲ. ಕಣಜದ ಹುಳ ಮುತ್ತುತ್ತವೆ, ರಸ ಸೋರಿ ಪಕ್ಕದ ಗೊಂಚಲೂ ಕೊಳೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ರಾಯಚೂರಿನ ಒಬ್ಬ ದಲಾಲಿ ಸೈಕಲ್ ಮೋಟಾರಿನಲ್ಲಿ ಬಂದನಂತೆ. ಒಡೆದ ಹಣ್ಣಾದರೂ ನಡೆಯುತ್ತದೆ, ರಾಯಚೂರಿನಾಚೆ ಒಂದು ಕಾರ್ಖಾನೆ ಇದೆ, ಅಲ್ಲಿ ದ್ರಾಕ್ಷಿ ಹಿಂಡಿ ಟಾನಿಕ್ ಮಾಡುತ್ತಾರೆ ಅಂದನಂತೆ. ಮಾವನಿಗೆ ಡಾಕ್ಟರು ಬರೆದುಕೊಟ್ಟ ಟಾನಿಕ್ ಬಾಟಲಿಯ ಮೇಲೆ ದ್ರಾಕ್ಷಿಯ ಚಿತ್ರ ಇತ್ತು. ಅವರು ನಂಬಿದರು. ರೋಗಿಗಳ ಹೊಟ್ಟೆಗೆ ಹೋಗುತ್ತದಲ್ಲ, ಶಿವನೇ ದಾರಿ ತೋರಿಸಿದ ಎಂದು ನಾನೂ ಕೈ ಮುಗಿದೆ.

ಮರುದಿನ ಯಜಮಾನರು ಕೊಯ್ಲು ನೋಡಿಕೊಳ್ಳಲು ತೋಟದಲ್ಲೇ ಉಳಿದರು. ಮೊದಲ ಲಾರಿ ಮಾವನನ್ನೂ ಆ ಜೋಡಿಯನ್ನೂ ಹತ್ತಿಸಿಕೊಂಡು ಮಾನ್ವಿಗೆ ಬಂದು ನನ್ನನ್ನೂ ಹತ್ತಿಸಿಕೊಂಡಿತು. ನಾನೇಕೆ ಹೋಗಬೇಕು ಅಂದರೆ ಅದು ನಮ್ಮ ಮನೆಯ ಪದ್ಧತಿ. ವರ್ಷದ ಮೊದಲ ಬುಟ್ಟಿಯನ್ನು ಕೊಂಡವರ ಹೊಸ್ತಿಲಲ್ಲಿ ಮನೆಯ ಸೊಸೆಯೇ ಇಳಿಸಬೇಕು. ಕೊಂಡವರು ಆ ಬುಟ್ಟಿಯನ್ನು ಬರಿದಾಗಿ ಕಳಿಸಬಾರದು. ಒಂದು ಹಿಡಿ ಜೋಳವೋ, ಬೆಲ್ಲವೋ, ತಮ್ಮ ಮನೆಯದೇನನ್ನಾದರೂ ಹಾಕಬೇಕು. ಬಂದದ್ದನ್ನು ಬೇಡ ಅನ್ನದೆ ತಂದು ಜಗಲಿಯ ದೇವರ ಮುಂದಿಡಬೇಕು. ಹೈದರಾಬಾದಿನ ಸಾವಕಾರನ ಹೆಂಡತಿ ಪ್ರತಿ ವರ್ಷ ಖರ್ಜೂರ ಹಾಕುತ್ತಿದ್ದಳು.

ಕಾರ್ಖಾನೆ ದೊಡ್ಡದೇನಲ್ಲ. ತಗಡಿನ ಎರಡು ಶೆಡ್ಡು, ಸುತ್ತ ಕಲ್ಲಿನ ಕಂಪೌಂಡು. ಗೇಟಿನ ಮುಂದೆ ಲಾರಿ ನಿಂತದ್ದೇ ತಡ, ಹಿಂದಿನಿಂದ ಆ ಆಳು ಧುಮುಕಿದ. ಒಳಗೆ ಬರಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಒತ್ತಿ ಹಿಡಿದು ನಿಂತುಬಿಟ್ಟ.

“ಯಾಕಲೇ, ಬುಟ್ಟಿ ಇಳಸು ಬಾ” ಅಂದರು ಮಾವ.

“ಯಪ್ಪಾ, ಇದು ಔಷಧದ ವಾಸನಿ ಅಲ್ರೀ.”

“ಮತ್ತೇನದು?”

ಅವನು ಟವೆಲ್ಲು ತೆಗೆಯದೆ ಹೆಂಡತಿಯ ಮುಖ ನೋಡಿದ. ಅವಳು ಮೂಗರಳಿಸಿ ಒಮ್ಮೆ ಉಸಿರೆಳೆದಳು, ಅಷ್ಟಕ್ಕೇ ಅವಳಿಗೆ ಗುರುತು ಸಿಕ್ಕಿತು. “ನೀ ಒಳಗ ಬರಬ್ಯಾಡ. ಆ ಜಾಲಿಗಿಡದ ಕೆಳಗ ಹೋಗಿ ಕುಂದ್ರು. ನಾ ಇಳಸ್ತೀನಿ” ಎಂದು ಅವನನ್ನು ದೂಡಿದಳು.

ಅಷ್ಟರಲ್ಲಿ ಮ್ಯಾನೇಜರು ಬಂದ. ತೆಲುಗು ಸೀಮೆಯವನು, ಬಿಳಿ ಪ್ಯಾಂಟು, ನಗುಮುಖ. ಮಾವ ರೂಢಿಯಂತೆ ನಮ್ಮ ಬುಟ್ಟಿಯ ಪದ್ಧತಿ ಹೇಳಿದರು, ಬರಿದಾಗಿ ಕಳಿಸಬ್ಯಾಡ್ರಿ ಅಂದರು. “ಅಯ್ಯೋ, ಅದಕ್ಕೇನ್ ಸ್ವಾಮೀ, ನಮ್ಮಲ್ಲೂ ಇದೆ ಅಂಥಾದ್ದು” ಎಂದು ಅವನು ತಲೆದೂಗಿದ. ನಾನು ಹೊಸ್ತಿಲಲ್ಲಿ ಬುಟ್ಟಿ ಇಳಿಸಿ ಅರಿಶಿನ ಕುಂಕುಮ ಹಾಕಿದೆ. ಅವನಿಗೆ ಬಹಳ ಸಂತೋಷವಾಯಿತು. ಬನ್ನಿ, ಒಳಗೆಲ್ಲ ತೋರಿಸುತ್ತೇನೆ ಎಂದು ಮುಂದೆ ನಡೆದ.

ಬೇಡ ಅನ್ನಬಹುದಿತ್ತು. ಆದರೆ ಮಾವನ ಕಾಲು ಆಗಲೇ ಒಳಗಿತ್ತು.

ಮೊದಲ ಶೆಡ್ಡಿನಲ್ಲಿ ನಮ್ಮ ಹಣ್ಣನ್ನು ಬುಟ್ಟಿಬುಟ್ಟಿಯಾಗಿ ಒಂದು ತೊಟ್ಟಿಗೆ ಸುರಿಯುತ್ತಿದ್ದರು. ಸುರಿದದ್ದನ್ನು ಇಬ್ಬರು ಗಂಡಸರು ರಬ್ಬರಿನ ಬೂಟು ಹಾಕಿಕೊಂಡು ತುಳಿಯುತ್ತ, ಸಲಿಕೆಯಿಂದ ಹಿಂಡುವ ಮಷೀನಿಗೆ ದೂಡುತ್ತಿದ್ದರು. ಒಬ್ಬನ ಬಾಯಲ್ಲಿ ಬೀಡಿ ಹೊಗೆಯಾಡುತ್ತಿತ್ತು. ಬರಿಗಾಲಲ್ಲಿ, ಸ್ನಾನ ಮಾಡಿ, ಕೈಮುಗಿದು ಕೊಯ್ದ ಹಣ್ಣು. ಮಾವ ಕಣ್ಣು ಮುಚ್ಚಿದರು. ನಾನು ಅವರ ಕಡೆ ನೋಡಲಿಕ್ಕಾಗದೆ ಗೋಡೆ ನೋಡಿದೆ.

ಎರಡನೆಯದರಲ್ಲಿ ಸಿಮೆಂಟಿನ ದೊಡ್ಡ ದೊಡ್ಡ ಟಾಕಿಗಳಿದ್ದವು. ಏಣಿ ಹತ್ತಿ ಬಗ್ಗಿ ನೋಡಿ ಎಂದ ಮ್ಯಾನೇಜರು. ಬಗ್ಗಿದೆ. ಒಳಗೆ ಕೆನ್ನೀಲಿ ಸಿಪ್ಪೆಯೆಲ್ಲ ಮೇಲೆ ತೇಲಿ, ದಪ್ಪನೆಯ ಕೆನೆಯಂತೆ ಕಟ್ಟಿ, ಅದರ ನಡುವೆ ಬುಳುಬುಳು ಕುದಿಯುತ್ತಿತ್ತು. ಕೆಳಗೆ ಒಲೆಯಿಲ್ಲ, ಬೆಂಕಿಯಿಲ್ಲ. ಮುಟ್ಟಿ ನೋಡಿದರೆ ಟಾಕಿಯ ಗೋಡೆ ಜ್ವರ ಬಂದವರ ಮೈಯಂತೆ ಬೆಚ್ಚಗೆ. ಎಷ್ಟೋ ಅಡುಗೆ ಮಾಡಿದ ಕೈ ನನ್ನದು, ಬೆಂಕಿಯಿಲ್ಲದ ಕುದಿಯನ್ನು ಅದುವರೆಗೆ ಕಂಡಿರಲಿಲ್ಲ. 

“ಇದಕ್ಕ ಏನ್ ಹಾಕ್ತೀರಿ, ಹಿಂಗ ಕುದಿಯಾಕ?”

“ಏನೂ ಹಾಕೋದಿಲ್ಲಮ್ಮಾ. ಸ್ವಲ್ಪ ಹುದುಗು. ಆಮೇಲೆ ಅದೇ ಕುದೀತದೆ.”

ಪಕ್ಕದ ಟಾಕಿಯ ರಸವನ್ನು ಬೇರೆ ಕಡೆ ಹರಿಸಿ, ತಳದ ಸಿಪ್ಪೆ ಬಳಿಯಲು ಕಾರ್ಖಾನೆಯ ಒಬ್ಬ ಆಳು ಸಿದ್ಧನಾಗಿ ನಿಂತಿದ್ದ. ಇಳಿಯುವ ಮೊದಲು ಅವನು ಒಂದು ಹಗ್ಗಕ್ಕೆ ಉರಿಯುವ ಚಿಮಣಿ ಕಟ್ಟಿ ಒಳಗೆ ಬಿಟ್ಟ. ಅರ್ಧ ದಾರಿಗೆ ಹೋಗುವಷ್ಟರಲ್ಲಿ ದೀಪ ಶಾಂತವಾಯಿತು. ಗಾಳಿಯಿಲ್ಲ, ಯಾರೂ ಊದಲಿಲ್ಲ. ಕಣ್ಣೆದುರಿಗೇ ಯಾರೋ ಚಿವುಟಿದ ಹಾಗೆ ಶಾಂತವಾಯಿತು.

ನಾನು ಏಣಿಯ ಮೇಲಿಂದ ಬೀಳಬೇಕಿತ್ತು. “ಶಿವ ಶಿವಾ” ಎಂದು ಏಣಿಯ ಬದಿಗೆ ನಿಂತಿದ್ದ ಮಾವನ ಹೆಗಲು ಹಿಡಿದೆ. ಸೊಸೆ ಮಾವನನ್ನು ಮುಟ್ಟುವುದುಂಟೆ? ಆ ಹೊತ್ತಿಗೆ ಅದೂ ನೆನಪಾಗಲಿಲ್ಲ.

“ಹೆದರಬೇಡಿ ಅಮ್ಮಾ. ಒಳಗೆ ಇದರದೇ ಗಾಳಿ ತುಂಬಿರುತ್ತೆ, ಉಸಿರು ಕಟ್ಟುತ್ತೆ. ದೀಪ ಆರದೆ ನಿಂತರೆ ಮಾತ್ರ ಮನುಷ್ಯ ಇಳೀತಾನೆ” ಅಂದ ಮ್ಯಾನೇಜರು, ನಗುತ್ತಲೇ.

ದೀಪ ನಿಲ್ಲದ ಜಾಗ. ದಿನಾ ಎರಡು ಹೊತ್ತು ದೀಪ ಹಚ್ಚುವ ಮನೆಯ ಹಣ್ಣು ಬಂದು ಬಿದ್ದದ್ದು ಅಲ್ಲಿ. ಚಿಮಣಿ ಬಿಟ್ಟ ಆಳು ಇಳಿಯದೆ ಬದಿಗೆ ಕೂತನಲ್ಲ, ಅವನ ಜೀವ ಉಳಿಯಿತಲ್ಲ ಎಂದು ಅದೊಂದಕ್ಕೆ ದೇವರನ್ನು ನೆನೆದೆ.

ಮಾವ ಮ್ಯಾನೇಜರನ ಕಡೆ ತಿರುಗಿದರು. “ಟಾನಿಕ್ ಅಂದಿದ್ರು.”

“ಹೌದು ಸ್ವಾಮೀ, ದೊಡ್ಡ ಮಂದಿಗೆ ಟಾನಿಕ್ಕೇ!” ಅವನು ಗಟ್ಟಿಯಾಗಿ ನಕ್ಕ. “ವೈನ್ ಅಂದರೆ ನಿಮ್ಮ ಕಡೆ ಯಾರೂ ಕೊಡೋದಿಲ್ಲ ಅಂತ ದಲಾಲಿ ಹಂಗೆ ಹೇಳಿರ್ತಾನೆ.”

ಮಾವ ಬಾಗಿಲ ಕಡೆ ನಡೆದರು. ಹಣ್ಣೆಲ್ಲ ತುಳಿದಾಗಿತ್ತು, ವಾಪಸ್ ಕೊಡು ಎಂದರೂ ಕೊಡಲು ಹಣ್ಣಿರಲಿಲ್ಲ.

ಹೊರಗೆ ಬಂದೆವು. ಹಣ್ಣು ತೆಗೆದ ನನ್ನ ಬುಟ್ಟಿ ಹೊಸ್ತಿಲಲ್ಲೇ ಇತ್ತು. ಮ್ಯಾನೇಜರು ಅವಸರದಲ್ಲಿ ಒಳಗೆ ಹೋಗಿ, ಪೇಪರಿನಲ್ಲಿ ಸುತ್ತಿದ್ದನ್ನು ತಂದು, ಎರಡೂ ಕೈಯಿಂದ, ಎಷ್ಟು ಭಕ್ತಿಯಿಂದ ಅಂತೀರಿ, ಬುಟ್ಟಿಯಲ್ಲಿಟ್ಟ. ಮೇಲೆ ಒಂದು ಚೆಂಡುಹೂವನ್ನೂ ಇಟ್ಟ. “ನಮ್ಮ ಮನೇದು ಏನಾದರೂ ಅಂದಿರಲ್ಲ. ಇದೇ ನಮ್ಮ ಮನೇದು. ಹಳೇ ಸರಕು, ಒಳ್ಳೇದು.”

ಪೇಪರಿನಿಂದ ಬಾಟಲಿಯ ಕತ್ತು ಹೊರಗೆ ಕಾಣುತ್ತಿತ್ತು.

ನಾನು ಮಾವನ ಮುಖ ನೋಡಿದೆ, ಬೇಡ ಅನ್ನಿ ಎಂದು ಕಣ್ಣಲ್ಲೇ ಬೇಡಿದೆ. ಆದರೆ ಬುಟ್ಟಿಗೆ ಬಂದದ್ದನ್ನು ಬೇಡ ಅನ್ನಬಾರದು ಎಂಬುದೂ ಅವರದೇ ಪದ್ಧತಿ. ಆ ಮನುಷ್ಯನದೇನು ತಪ್ಪು? ಅವನ ಮನೆಯದನ್ನು ಅವನು ಕೊಟ್ಟ. ಮಾವ ಬುಟ್ಟಿಗೆ ಕೈ ಮುಗಿದರು. ನಾನು ಅದರ ಮೇಲೆ ಕೈವಸ್ತ್ರ ಹೊದಿಸಿ ಎತ್ತಿಕೊಂಡೆ.

ವಾಪಸ್ ಬರುವಾಗ ಮಾವ ಲಾರಿಯ ಮುಂದೆ ಕೂಡಲಿಲ್ಲ. “ನೀವು ಹೆಣ್ಣುಮಕ್ಕಳು ಮುಂದ ಕುಂದರ್ರಿ” ಎಂದು ಹೇಳಿ ಆ ಆಳಿನ ಜೊತೆ ಹಿಂದೆ ಹತ್ತಿದರು. ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು. ಬುಟ್ಟಿ ನನ್ನ ತೊಡೆಯ ಮೇಲೆ. ರಸ್ತೆಯ ಗುಂಡಿಗೆಲ್ಲ ಅದು ಒಳಗೇ ಗುಳಕ್ ಅನ್ನುತ್ತಿತ್ತು.

“ಏನ್ರೀ ಅದು?” ಅಂದಳು ಅವಳು ಸಣ್ಣ ದನಿಯಲ್ಲಿ, ಡ್ರೈವರಿಗೆ ಕೇಳದ ಹಾಗೆ.

“ಏನಿಲ್ಲ.”

“ಏನಿಲ್ಲದ್ದು ಹಂಗ ಸಪ್ಪಳ ಮಾಡ್ತದೇನ್ರೀ?” ಕೈವಸ್ತ್ರ ಎತ್ತಿ ನೋಡಿದಳು. ಆಮೇಲೆ ಹಾಗೇ ಮುಚ್ಚಿದಳು. “ಅಂವಾ ನೋಡಿಲ್ಲಲ್ಲ?”

“ಗೊತ್ತಿಲ್ಲವ್ವಾ.”

“ನೋಡಿರ್ತಾನ. ಅಂವಗ ಬಾಟ್ಲಿ ಗ್ವಾಡಿ ಹಿಂದಿದ್ರೂ ಕಾಣ್ತದ” ಅಂದಳು. ನಗಲು ನೋಡಿದಳು, ಆಗಲಿಲ್ಲ. “ಅಕ್ಕಾರ, ಬಳ್ಳಿ ಮುಟ್ಟಿ ಆಣಿ ಹಾಕ್ಸಿದ್ರಿ. ಬಳ್ಳಿನಽ ಅಲ್ಲಿಗೆ ಹೋಗಿ ಕುಡಿಯೋ ಸೆರೆ ಆದ ಮ್ಯಾಗ, ಅಂವಗ ನಾ ಏನಂತ ಹೇಳ್ಲಿ?”

ನಾನು ಬುಟ್ಟಿಯ ಮೇಲಿನ ಕೈವಸ್ತ್ರ ಸರಿ ಮಾಡಿದೆ. ಮಾನ್ವಿ ಬರುವ ತನಕ ಅವಳು ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡೇ ಕೂತಿದ್ದಳು.

ನಮ್ಮ ಮನೆಯ ಮುಂದೆ ಲಾರಿ ನಿಂತಾಗ ಹೊತ್ತು ಇಳಿಯುತ್ತಿತ್ತು. ಉಂಡು ಪೋತ್ನಾಳಕ್ಕೆ ಹೋಗುವುದೆಂದು ಮಾತಾಗಿತ್ತು. ಅವನು ಹಿಂದಿನಿಂದ ಇಳಿದು ಅಂಗಳದಲ್ಲಿ ನಿಂತ. ಮುಖ ಒಂಥರಾ ಇತ್ತು, ದುಃಖವೂ ಅಲ್ಲ, ಖುಷಿಯೂ ಅಲ್ಲ.

“ಏನಾತು?” ಅಂದಳು ಅವಳು.

“ಯಪ್ಪಾ ಆಣಿ ಬಿಟ್ರು.”

“ಏನಂದಿ?”

“ಬಳ್ಳಿ ಮೈಲಿಗಿ ಆಗ್ಯಾದ, ಅದರ ಮ್ಯಾಲಿನ ಆಣಿ ನಡಿಯಂಗಿಲ್ಲ, ನಿನ್ನ ಕಟ್ಟಿ ಹಾಕಾಕ ನನಗ ಹಕ್ಕಿಲ್ಲ ಅಂದ್ರು. ನಾ ಕೇಳಿಲ್ಲಬೇ. ಅವರಽ ಅಂದ್ರು.”

 ಆ ದಿನ ಕಂಡದ್ದರಲ್ಲೆಲ್ಲ ಇದೇ ದೊಡ್ಡದು. ಬೂಟುಗಾಲಲ್ಲ, ಬೆಂಕಿಯಿಲ್ಲದ ಕುದಿಯಲ್ಲ, ಶಾಂತವಾದ ದೀಪವೂ ಅಲ್ಲ. ನಮ್ಮ ಮಾವನ ಸತ್ಯ. ಸುಳ್ಳಾದ ಆಣೆಯನ್ನು ಇಟ್ಟುಕೊಂಡಿರಲು ಅವರ ಮನಸ್ಸು ಒಪ್ಪಲಿಲ್ಲ. ತಮ್ಮ ಮೈಲಿಗೆ ತೊಳೆದುಕೊಂಡರು. ಆ ನೀರು ಯಾರ ಮನೆಗೆ ನುಗ್ಗುತ್ತದೆ ಎಂದು ನೋಡಲಿಲ್ಲ.

ಅವಳು ಮಾವನ ಮುಂದೆ ಹೋಗಿ ನಿಂತಳು. ಎಂದೂ ತಲೆ ಎತ್ತಿ ಮಾತಾಡದವಳು.

“ಯಪ್ಪಾ, ಆಣಿ ಹಾಕಸ್ರಿ ಅಂತ ಕಾಲಿಗಿ ಬಿದ್ದಾಕಿ ನಾನು. ಬಿಡೋ ಮುಂದ ನನಗೊಂದ್ ಮಾತು ಕೇಳಬೇಕಿತ್ತೋ ಇಲ್ಲೋ? ನಿಮಗ ಮಡಿ ಉಳೀತು. ನನ್ನ ಈ ಕೈ?”

“ಯವ್ವಾ, ಸುಳ್ಳಿನ ಮ್ಯಾಲ…” ಎಂದು ಮಾವ ಶುರು ಮಾಡಿದರು.

“ಸುಳ್ಳಾಗಲಿ, ಖರೇ ಆಗಲಿ. ಎರಡು ವರ್ಷ ನನ್ನ ಮನ್ಯಾಗ ಗಡಿಗಿ ಒಡೆದಿಲ್ಲ. ಅದು ಸುಳ್ಳೇನ್ರೀ?”

ಮಾವ ತಲೆ ತಗ್ಗಿಸಿದರು. ಅವರನ್ನು ಹಾಗೆ ನಾನು ನೋಡಿದ್ದು ಅದೇ ಮೊದಲು.

ಅವಳು ತಿರುಗಿ ಬಂದು, ಕಟ್ಟೆಯ ಮೇಲೆ ನಾನಿಟ್ಟಿದ್ದ ಬುಟ್ಟಿಯಿಂದ ಬಾಟಲಿ ತೆಗೆದು, ಪೇಪರ್ ಹರಿದು ಬಿಸಾಡಿ, ಗಂಡನ ಮುಂದೆ ಹಿಡಿದಳು. “ತಗೋ. ಈಗ ನಿನ್ನ ಮ್ಯಾಲ ಯಾರ ಆಣಿನೂ ಇಲ್ಲ. ಇಲ್ಲೇ ಕುಡಿ, ನನ್ನ ಮುಂದ. ಊರಿಗಿ ಹೋದ ಮ್ಯಾಗ ಕದ್ದು ಕುಡೀತಿ, ಅದ್ಯಾಕ?”

“ಹುಚ್ಚಿ ಆಗಬ್ಯಾಡವ್ವಾ” ಎಂದೆ ನಾನು. ಅವಳು ನನ್ನ ಕಡೆ ನೋಡಲೇ ಇಲ್ಲ.

ಅವನು ಬಾಟಲಿ ಇಸಿದುಕೊಂಡ.  ಇಳಿಬಿಸಿಲಿಗೆ ಹಿಡಿದು ನೋಡಿದ. ಒಳಗಿನ ಕೆಂಪು ಅವನ ಮುಖದ ಮೇಲೆ ಬಿತ್ತು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದದ್ದು ನನಗೂ ಕಂಡಿತು, ಅವಳಿಗೂ ಕಂಡಿತು.

“ಇದು ನಮ್ಮ ಬಳ್ಳಿದಲ್ಲ” ಅಂದ ಕೊನೆಗೆ. “ಹಳೇದಂತ ಅಂವಽ ಅಂದಾನ. ನಮ್ಮ ಹಣ್ಣು ಇನ್ನಾ ಅಲ್ಲೇ ಅದ.”

“ಅದಕ್ಕ?”

“ಅದಕ್ಕೇನಿಲ್ಲ.” ಬಾಟಲಿಯನ್ನು ಕಟ್ಟೆಯ ಮೇಲಿಟ್ಟ. ಇಟ್ಟ ಮೇಲೂ ಬೆರಳು ಸ್ವಲ್ಪ ಹೊತ್ತು ಅದರ ಮೇಲೇ ಇತ್ತು. “ಯಪ್ಪಾ ಹಾಕ್ಸಿದ್ರು, ಯಪ್ಪಾ ಬಿಟ್ರು. ಬಾಯಿ ಬಿಟ್ಟು ಅಂದಾವ ನಾನು. ನಾ ಬಿಟ್ಟಿಲ್ಲ. ಇವತ್ತ ಬಿಡಂಗಿಲ್ಲ.”

“ನಾಳಿ?”

“ನಾಳಿದ್ದು ನಾಳಿ ಕೇಳಬೇ. ಎಲ್ಲಾ ಇವತ್ತಽ ಹೇಳು ಅಂದ್ರ ಎಲ್ಲಿಂದ ತರ್ಲಿ?”

ಮುಂದೆ ಅವನು ಜೀವ ಇರುವ ತನಕ ಮುಟ್ಟಲಿಲ್ಲ ಎಂದು ನಾನು ಬರೆಯಲಾರೆ; ಗೊತ್ತಿಲ್ಲದ್ದನ್ನು ದೇವರ ಮೇಲೆ ಹೊರಿಸಬಾರದು. ಆ ಸುಗ್ಗಿ ಮುಗಿಯುವ ತನಕ ಮುಟ್ಟಲಿಲ್ಲ, ಅಷ್ಟು ಕಣ್ಣಾರೆ ಕಂಡಿದ್ದೇನೆ. ಉಳಿದ ಹಣ್ಣನ್ನು ಮಾವ ಆ ಕಾರ್ಖಾನೆಗೆ ಕಳಿಸಲಿಲ್ಲ. ಒಡೆಯದ ನಾಲ್ಕಾರು ಬುಟ್ಟಿ ಸಂತೆಗೆ ಹೋಯಿತು, ಮಿಕ್ಕದ್ದು ದನಕ್ಕೆ.

ಆ ಸಂಜೆ ಅವಳೇ ಬಾಟಲಿ ಎತ್ತಿಕೊಂಡು ಬಚ್ಚಲಿಗೆ ಹೋದಳು. ಬಿರಡೆ ಬಿಚ್ಚಲು ಸೊಟ್ಟಗೈಗೆ ಬಲ ಸಾಲಲಿಲ್ಲ. ನಾನು ಕತ್ತು ಹಿಡಿದುಕೊಂಡೆ, ಅವಳು ಹಲ್ಲಿನಿಂದ ಎಳೆದಳು. ಇಬ್ಬರೂ ಮುಖ ತಿರುಗಿಸಿ ಸುರಿದೆವು. ಬಚ್ಚಲ ಕಲ್ಲೆಲ್ಲ ಕೆಂಪಾಯಿತು. ಎರಡು ಕೊಡ ನೀರು ಹೊಯ್ದು, ಬೂದಿ ಹಾಕಿ ಉಜ್ಜಿದೆ. ಮಾವ ಪಡಸಾಲೆಯಲ್ಲಿ ಬರಿ ಬುಟ್ಟಿಯ ಮುಂದೆ ಕೂತಿದ್ದರು. ದೇವರ ಜಗಲಿಗೆ ಏನಿಡಲಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂಗಳದಿಂದ ಅವನ ದನಿ ಕೇಳಿತು. “ಅವ್ವಾರ, ಮುಂಜಾನಿಯಿಂದ ಹೊಟ್ಟಿಗಿ ಏನೂ ಇಲ್ರೀ.”

ಹಸಿದಿದ್ದಾನೆ. ಹಸಿವೆಂದು ಕೇಳುವ ಮನುಷ್ಯ ಇನ್ನೂ ನಮ್ಮವನೇ ಎಂದುಕೊಂಡೆ. ಕೈ ತೊಳೆದು, ಒಲೆಗೆ ಎರಡು ಕಟ್ಟಿಗೆ ಸೇರಿಸಿ, ಎಸರು ಇಟ್ಟು, ಜೋಳದ ಹಿಟ್ಟನ್ನು ಕೊಣಮಿಗೆಗೆ ಹಾಕಿಕೊಂಡು ರೊಟ್ಟಿಗೆ ನಾದಲು ಕೂತೆ.